ಬೀರುವಿನಿಂದ ಓದುಗರ ಕೈಗೆ: ಗ್ರಾಮ ಗ್ರಂಥಾಲಯದ ನಿರ್ವಹಣೆ ಮತ್ತು ಕನ್ನಡದ ಓದು

1. ಪೀಠಿಕೆ

ಕನ್ನಡದ ಗ್ರಂಥಸಂಸ್ಕೃತಿಯಲ್ಲಿ ಪುಸ್ತಕವನ್ನು ಕುರಿತ ಎರಡು ಧೋರಣೆಗಳು ಬಹು ಹಿಂದಿನಿಂದಲೂ ಜೊತೆಜೊತೆಯಾಗಿ ಸಾಗಿಬಂದಿವೆ. ಒಂದು, ಪುಸ್ತಕವನ್ನು ಕಾಪಾಡುವುದು. ಇನ್ನೊಂದು, ಪುಸ್ತಕವನ್ನು ಹರಡುವುದು. ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ ಕ್ರಿ.ಶ. 1058ರ ಶಾಸನವು ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಉಲ್ಲೇಖಿಸುತ್ತದೆ. ಮೂಡಬಿದಿರೆಯ ಬಸದಿಯು ಧವಲಾ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಉಳಿಸಿಕೊಂಡು ಬಂದಿತು. ಇವು ಭಂಡಾರದ ಪರಂಪರೆಗೆ ಸೇರುತ್ತವೆ. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧ ಸಂಗತಿಯು ಎರಡನೆಯ ಧೋರಣೆಗೆ ನಿದರ್ಶನವಾಗಿದೆ. ಭಂಡಾರದಲ್ಲಿ ಪುಸ್ತಕ ಇದ್ದಲ್ಲಿಯೇ ಇರುತ್ತದೆ, ಓದುಗ ಅದರ ಬಳಿಗೆ ಬರುತ್ತಾನೆ. ಶಾಸ್ತ್ರದಾನದಲ್ಲಿ ಪುಸ್ತಕವೇ ಓದುಗರನ್ನು ಅರಸಿ ಹೊರಡುತ್ತದೆ.

ಇಂದಿನ ಸಾರ್ವಜನಿಕ ಗ್ರಂಥಾಲಯವು ಈ ಎರಡೂ ಹೊಣೆಗಳನ್ನು ಹೊತ್ತ ಸಂಸ್ಥೆಯಾಗಿದೆ. ದೊಡ್ಡ ಗ್ರಂಥಾಲಯಗಳಲ್ಲಿ ಕಾಪಾಡುವ ಕೆಲಸಕ್ಕೆ ಪ್ರಾಧಾನ್ಯ ದೊರೆತರೆ ಅದು ಸಹಜವೇ. ಆದರೆ ಒಂದು ಕೋಣೆ, ಕೆಲವು ಬೀರು, ಒಂದು ಮೇಜು ಮತ್ತು ಒಬ್ಬ ಮೇಲ್ವಿಚಾರಕರಿರುವ ಗ್ರಾಮ ಗ್ರಂಥಾಲಯದ ಸಾರ್ಥಕತೆಯನ್ನು ಅಲ್ಲಿರುವ ಪುಸ್ತಕಗಳ ಸಂಖ್ಯೆಯಿಂದ ಅಳೆಯಲಾಗದು; ಅಲ್ಲಿಂದ ಹೊರಗೆ ಹೋಗಿ ಮರಳಿ ಬಂದ ಪುಸ್ತಕಗಳಿಂದ ಅಳೆಯಬೇಕಾಗುತ್ತದೆ. ಗ್ರಾಮ ಗ್ರಂಥಾಲಯದ ನಿರ್ವಹಣೆಯನ್ನು ಈ ದೃಷ್ಟಿಯಿಂದ ವಿವರಿಸುವುದು, ಹಾಗೂ ಕನ್ನಡ ಅಧ್ಯಯನಕ್ಕೆ ಅದರಿಂದ ಒದಗಬಹುದಾದ ಆಕರವೊಂದರತ್ತ ಗಮನ ಸೆಳೆಯುವುದು ಪ್ರಸ್ತುತ ಲೇಖನದ ಉದ್ದೇಶ.

2. ಕಾಯಿದೆಯ ಹಿನ್ನೆಲೆ

ಕರ್ನಾಟಕದ ಏಕೀಕರಣಕ್ಕೆ ಮೊದಲು ಕನ್ನಡ ಪ್ರದೇಶಗಳ ಗ್ರಂಥಾಲಯ ವ್ಯವಸ್ಥೆ ಏಕರೂಪವಾಗಿರಲಿಲ್ಲ. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಪ್ರದೇಶಗಳಿಗೆ ಅಲ್ಲಿಯ 1948ರ ಕಾಯಿದೆ ಅನ್ವಯವಾಗುತ್ತಿತ್ತು. ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆಗಳಿಗೆ 1955ರ ಕಾಯಿದೆ ಇತ್ತು. ಮುಂಬಯಿ ಕರ್ನಾಟಕ ಮತ್ತು ಹಳೆಯ ಮೈಸೂರಿನಲ್ಲಿ ಗ್ರಂಥಾಲಯಗಳಿದ್ದವೇ ಹೊರತು ಅವುಗಳಿಗೆ ಕಾಯಿದೆಯ ಆಧಾರವಿರಲಿಲ್ಲ. ಈ ಭಿನ್ನ ವ್ಯವಸ್ಥೆಗಳನ್ನು ಒಂದೇ ಚೌಕಟ್ಟಿಗೆ ತಂದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಉಪಕರವನ್ನು ಸಂಗ್ರಹಿಸುವ ಪದ್ಧತಿಯು ಇದೇ ಕಾಯಿದೆಯ ಫಲವಾಗಿದೆ. ಅದರ ಈಗಿನ ದರ ಶೇ. 6. ಎಂದರೆ, ಮನೆಗಂದಾಯ ಕಟ್ಟುವ ಪ್ರತಿಯೊಬ್ಬರೂ, ಅವರು ಗ್ರಂಥಾಲಯದ ಮೆಟ್ಟಿಲನ್ನು ಹತ್ತಿರಲಿ ಹತ್ತದಿರಲಿ, ಗ್ರಂಥಾಲಯದ ಪೋಷಕರೇ ಆಗಿರುತ್ತಾರೆ. ಗ್ರಂಥಾಲಯವು ಸರ್ಕಾರದ ಅಥವಾ ದಾನಿಗಳ ಔದಾರ್ಯವಲ್ಲ, ಜನರು ಹಣ ತೆತ್ತು ಪಡೆದ ಹಕ್ಕು ಎಂಬ ಅಂಶವು ಇದರಿಂದ ಸ್ಪಷ್ಟವಾಗುತ್ತದೆ.

ನೆರೆಯ ಕೇರಳದ ಇತಿಹಾಸ ಬೇರೆ ಬಗೆಯದು. ಅಲ್ಲಿ 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ 47 ಗ್ರಂಥಾಲಯಗಳು ಒಂದು ಸಂಘವಾಗಿ ಸೇರಿದವು. ಊರಿನವರು ಕಟ್ಟಿಕೊಂಡ ಗ್ರಂಥಾಲಯಗಳಿಗೆ ಕಾಯಿದೆಯ ಬೆಂಬಲ ಆಮೇಲೆ, 1989ರಲ್ಲಿ ದೊರೆಯಿತು. ಕರ್ನಾಟಕದಲ್ಲಿ ಕಾಯಿದೆ ಮೊದಲು ಬಂದು, ಇಲಾಖೆ ಏರ್ಪಟ್ಟು, ಅದರ ಮೂಲಕ ಗ್ರಂಥಾಲಯಗಳು ಹಳ್ಳಿಗಳನ್ನು ತಲುಪಿದವು. ಇದರಿಂದ ವ್ಯಾಪ್ತಿ ಹಿರಿದಾಯಿತು. ಆದರೆ ಊರಿನವರಿಗೆ ಗ್ರಂಥಾಲಯವು ತಮ್ಮದೆಂಬುದಕ್ಕಿಂತ ಇಲಾಖೆಯದೆಂಬ ಭಾವನೆಯೇ ಬಹುಕಾಲ ಉಳಿಯಿತು.

ಮಂಡಲ ಪಂಚಾಯಿತಿಗಳ ಕಾಲದಲ್ಲಿ ಆರಂಭವಾದ ಗ್ರಂಥಾಲಯಗಳು 1993ರ ಪಂಚಾಯತ್ ರಾಜ್ ಕಾಯಿದೆಯ ತರುವಾಯ ಗ್ರಾಮ ಪಂಚಾಯಿತಿ ಗ್ರಂಥಾಲಯಗಳೆನಿಸಿದವು. ಐದು ಸಾವಿರಕ್ಕೂ ಹೆಚ್ಚಿನ ಈ ಗ್ರಂಥಾಲಯಗಳನ್ನು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಮುಂದೆ ಅವುಗಳಿಗೆ 'ಅರಿವು ಕೇಂದ್ರ' ಎಂಬ ಹೆಸರೂ ಬಂದಿತು. ಆಡಳಿತವು ಊರಿಗೆ ಹತ್ತಿರವಾದುದು ಈ ಬದಲಾವಣೆಯ ಮುಖ್ಯ ಲಾಭ. ಗ್ರಂಥಾಲಯದ ಸೋರುವ ಮಾಡನ್ನು ಪಂಚಾಯಿತಿ ಸಭೆಯಲ್ಲಿ ಪ್ರಸ್ತಾಪಿಸುವುದು ಈಗ ಸುಲಭವಾಗಿದೆ. ಅದೇ ವೇಳೆಗೆ, ಪುಸ್ತಕ ಕುರಿತ ವೃತ್ತಿಪರ ಮಾರ್ಗದರ್ಶನ ಊರಿನಿಂದ ದೂರವಾಗದಂತೆ ನೋಡಿಕೊಳ್ಳಬೇಕಾದ ಹೊಣೆಯೂ ಹುಟ್ಟಿಕೊಂಡಿದೆ.

3. ಬೀರು ಮತ್ತು ಬೀಗ

ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳು ಕನ್ನಡ ಅಧ್ಯಾಪಕರಿಗೆ ಅಪರಿಚಿತವಲ್ಲ. ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ಅಲ್ಲಿಯೇ ತೀರಿಕೊಂಡ ಈ ವಿದ್ವಾಂಸರ ಮೊದಲ ಸೂತ್ರದ ತಾತ್ಪರ್ಯವು ಪುಸ್ತಕ ಬಳಕೆಗಾಗಿ ಇದೆ ಎಂಬುದು. ಇದು ಹೇಳದೆಯೇ ತಿಳಿಯುವ ಮಾತೆಂದು ತೋರುತ್ತದೆ. ಆದರೆ ಯುರೋಪಿನ ಮಧ್ಯಯುಗದ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿದಿಡುತ್ತಿದ್ದುದನ್ನೂ, ಸರಪಳಿ ಹೋದ ಮೇಲೆ ಬೀಗ ಬಂದುದನ್ನೂ ನೆನೆದರೆ ಈ ಸೂತ್ರದ ಅಗತ್ಯ ಮನವರಿಕೆಯಾಗುತ್ತದೆ.

ಗ್ರಾಮ ಗ್ರಂಥಾಲಯದಲ್ಲಿ ಬೀಗ ಇರುವುದು ಮೇಲ್ವಿಚಾರಕರ ಉದಾಸೀನದಿಂದಲ್ಲ, ಭಯದಿಂದ. ಪರಿಗ್ರಹಣ ವಹಿಯಲ್ಲಿ ದಾಖಲಾದ ಪ್ರತಿಯೊಂದು ಪುಸ್ತಕಕ್ಕೂ ಮೇಲ್ವಿಚಾರಕರು ಜವಾಬ್ದಾರರು. ದಾಸ್ತಾನು ಪರಿಶೀಲನೆಯ ವೇಳೆ ಪುಸ್ತಕ ಕಾಣದಿದ್ದರೆ ಅದರ ಬೆಲೆಯನ್ನು ತಾವೇ ತುಂಬಿಕೊಡಬೇಕಾದೀತೆಂಬ ಅಂಜಿಕೆ ಅವರಿಗಿರುತ್ತದೆ. ದೀರ್ಘಕಾಲ ಅರೆಕಾಲಿಕ ನೆಲೆಯಲ್ಲಿ, ಅಲ್ಪ ಸಂಭಾವನೆಗೆ ದುಡಿದ ನೌಕರರಿಗೆ ಈ ಅಂಜಿಕೆ ಚಿಕ್ಕದೇನಲ್ಲ. ಪುಸ್ತಕ ಕಳೆದರೆ ಪ್ರಶ್ನೆ ಬರುತ್ತದೆ. ಪುಸ್ತಕವನ್ನು ಯಾರೂ ಓದದಿದ್ದರೆ ಯಾವ ಪ್ರಶ್ನೆಯೂ ಬರುವುದಿಲ್ಲ. ಇಂಥ ವ್ಯವಸ್ಥೆಯಲ್ಲಿ ಬೀರುವಿಗೆ ಬೀಗ ಹಾಕುವುದೇ ವಿವೇಕದ ಮಾರ್ಗವಾಗಿ ಪರಿಣಮಿಸುತ್ತದೆ.

ಈ ಸಮಸ್ಯೆಗೆ ಸರ್ಕಾರಿ ನಿಯಮಗಳಲ್ಲಿಯೇ ಒಂದು ಪರಿಹಾರ ಸೂಚಿತವಾಗಿರುವುದು ಗಮನಾರ್ಹ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ಒಂದು ವರ್ಷದಲ್ಲಿ ಎರವಲು ಹೋದ ಅಥವಾ ಪರಾಮರ್ಶೆಗೆ ಬಳಕೆಯಾದ ಪ್ರತಿ ಸಾವಿರ ಸಂಪುಟಗಳಿಗೆ ಐದು ಸಂಪುಟಗಳ ನಷ್ಟವನ್ನು ಸಹಜವೆಂದು ಪರಿಗಣಿಸಬಹುದು. ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಅದಕ್ಕೆ ಕಾರಣವಾಗಿರಬಾರದು. ಸಾವಿರ ರೂಪಾಯಿಗೆ ಮೀರಿದ ಬೆಲೆಯ ಮತ್ತು ಅಪರೂಪದ ಪುಸ್ತಕಗಳಾದರೆ ತನಿಖೆ ನಡೆಯಲೇಬೇಕು. ಈ ನಿಯಮದ ಮರ್ಮ ಅದರ ಲೆಕ್ಕಾಚಾರದಲ್ಲಿದೆ. ವಿನಾಯಿತಿಯನ್ನು ಬೀರುವಿನಲ್ಲಿರುವ ಪುಸ್ತಕಗಳ ಮೇಲೆ ಎಣಿಸದೆ, ಬಳಕೆಯಾದ ಪುಸ್ತಕಗಳ ಮೇಲೆ ಎಣಿಸಲಾಗಿದೆ. ವರ್ಷಕ್ಕೆ ನಾಲ್ಕು ಸಾವಿರ ಬಾರಿ ಪುಸ್ತಕ ಬಳಕೆಯಾದ ಗ್ರಂಥಾಲಯಕ್ಕೆ ಇಪ್ಪತ್ತು ಪುಸ್ತಕಗಳ ನಷ್ಟ ಕ್ಷಮ್ಯ. ಒಂದೂ ಪುಸ್ತಕ ಬಳಕೆಯಾಗದ ಗ್ರಂಥಾಲಯಕ್ಕೆ ಒಂದರ ನಷ್ಟವೂ ಕ್ಷಮ್ಯವಲ್ಲ. ಕೇಂದ್ರದ ಸಂಸ್ಥೆಗಳಿಗಾಗಿ ರೂಪಿತವಾದ ಈ ತತ್ವವು ಹಳ್ಳಿಯ ಮೇಲ್ವಿಚಾರಕರಿಗೂ ಲಿಖಿತ ಭರವಸೆಯಾಗಿ ದೊರೆತಲ್ಲಿ ಬೀಗಗಳು ತಾವಾಗಿಯೇ ತೆರೆದುಕೊಳ್ಳುತ್ತವೆ ಎನ್ನಬಹುದು.

4. ಪುಸ್ತಕದ ಆಯ್ಕೆ

ಗ್ರಾಮ ಗ್ರಂಥಾಲಯಕ್ಕೆ ಬರುವ ಪುಸ್ತಕಗಳಲ್ಲಿ ಹೆಚ್ಚಿನವು ಕೇಂದ್ರೀಕೃತ ಖರೀದಿಯಿಂದ ಬಂದಂಥವು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯು ಕನ್ನಡ ಪ್ರಕಾಶನಕ್ಕೆ ನೀಡಿದ ಆಸರೆ ನಿರ್ವಿವಾದವಾದುದು. ಕವನ ಸಂಕಲನ, ಸಂಶೋಧನ ಗ್ರಂಥ, ವಿಮರ್ಶೆ ಮುಂತಾಗಿ ಮಾರುಕಟ್ಟೆಯಲ್ಲಿ ಬಹುಬೇಗ ಮಾರಾಟವಾಗದ ಪ್ರಕಾರಗಳು ಅಚ್ಚಾಗುತ್ತ ಬಂದುದರಲ್ಲಿ ಈ ಯೋಜನೆಯ ಪಾಲು ದೊಡ್ಡದು. ಆದರೆ ಖರೀದಿಯ ದರ ಪುಟಗಳ ಲೆಕ್ಕದಲ್ಲಿ ನಿಗದಿಯಾಗುವುದರಿಂದ, ಗ್ರಂಥಾಲಯವನ್ನೇ ಏಕೈಕ ಗ್ರಾಹಕನೆಂದು ಭಾವಿಸಿ ಅಚ್ಚಾದ ಪುಸ್ತಕಗಳೂ ಬೆಳಕು ಕಂಡಿವೆ. ಇಂಥ ಪುಸ್ತಕದ ಪಯಣವು ಮುದ್ರಣಾಲಯದಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಬೀರುವಿಗೆ ಸಾಗಿ ಅಲ್ಲಿಗೆ ಮುಗಿಯುತ್ತದೆ. ಲೇಖಕ, ಪ್ರಕಾಶಕ ಮತ್ತು ಗ್ರಂಥಾಲಯ ಈ ಮೂವರೂ ಇದ್ದು ಓದುಗನೊಬ್ಬನೇ ಇಲ್ಲದ ವೃತ್ತವಿದು.

ರಂಗನಾಥನ್ ಅವರ ಎರಡನೆಯ ಮತ್ತು ಮೂರನೆಯ ಸೂತ್ರಗಳು ಕ್ರಮವಾಗಿ ಓದುಗರಿಗೆ ತಕ್ಕ ಪುಸ್ತಕವನ್ನೂ ಪುಸ್ತಕಕ್ಕೆ ತಕ್ಕ ಓದುಗರನ್ನೂ ಒದಗಿಸಬೇಕೆನ್ನುತ್ತವೆ. ಕೃಷ್ಣಾ ತೀರದ ಕಬ್ಬು ಬೆಳೆಯುವ ಊರಿಗೂ, ಮಲೆನಾಡಿನ ಅಡಕೆ ತೋಟದ ಊರಿಗೂ, ಮನೆಯಲ್ಲಿ ಬೇರೆ ನುಡಿಯಾಡುವ ಮಕ್ಕಳು ಕನ್ನಡ ಶಾಲೆಗೆ ಬರುವ ಗಡಿಯೂರಿಗೂ ಒಂದೇ ಪಟ್ಟಿಯ ಪುಸ್ತಕಗಳು ಒಗ್ಗಲಾರವು. ಆಯ್ಕೆಯ ಒಂದು ಭಾಗವನ್ನಾದರೂ ಊರಿಗೆ ಬಿಟ್ಟುಕೊಡುವುದು ಅವಶ್ಯ. ಓದುಗರು ಕೇಳಿದ, ಆದರೆ ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕಗಳ ಹೆಸರನ್ನು ಬರೆದಿಡುವ ಬೇಡಿಕೆ ಪುಸ್ತಕ ಇದಕ್ಕೆ ಸರಳವಾದ ಸಾಧನ. ಕೇಳಿದವರಿಗೆ 'ಇಲ್ಲ' ಎಂದು ಹೇಳಿ ಕಳುಹಿಸುವುದಕ್ಕೂ, 'ಇಲ್ಲ, ಬರೆದುಕೊಂಡಿದ್ದೇನೆ' ಎಂದು ಹೇಳುವುದಕ್ಕೂ ಬಹಳ ಅಂತರವಿದೆ. ಹಾಗೆಯೇ, ಕಾಲ ಮೀರಿದ ಪರೀಕ್ಷಾ ಕೈಪಿಡಿಗಳು, ಬದಲಾದ ಕಾನೂನಿನ ಹಳೆಯ ವಿವರಣೆಗಳು, ಹಾಳೆ ಕಳಚಿದ ಪ್ರತಿಗಳು ಇವನ್ನು ಕ್ರಮಬದ್ಧವಾಗಿ ತೆಗೆದುಹಾಕುವುದೂ ಆಯ್ಕೆಯ ಭಾಗವೇ. ತೆಗೆಯುವ ಮುನ್ನ ಊರಿನವರು ಬರೆದ ಪುಸ್ತಕ, ಜಾತ್ರೆ ಸಂಚಿಕೆ, ಶಾಲೆಯ ಸ್ಮರಣ ಸಂಚಿಕೆಗಳನ್ನು ಬೇರ್ಪಡಿಸಿ ಉಳಿಸಿಕೊಳ್ಳಬೇಕು. ಅವು ಬೇರೆ ಯಾವ ಗ್ರಂಥಾಲಯದಲ್ಲಿಯೂ ದೊರೆಯುವ ಸಂಭವ ಕಡಿಮೆ.

5. ಹುಡುಕುವ ದಾರಿ

ನಾಲ್ಕನೆಯ ಸೂತ್ರವು ಓದುಗರ ಸಮಯವನ್ನು ಉಳಿಸುವುದಕ್ಕೆ ಸಂಬಂಧಿಸಿದುದು. ಚಿಕ್ಕ ಗ್ರಂಥಾಲಯಕ್ಕೆ ವರ್ಗೀಕರಣ ಬೇಡವೆಂಬ ಅಭಿಪ್ರಾಯವಿದೆ. ಅದು ಪೂರ್ತಿ ಒಪ್ಪತಕ್ಕುದಲ್ಲ. ಆದರೆ ಸಿದ್ಧ ಪದ್ಧತಿಗಳ ಮಿತಿಯನ್ನೂ ಅರಿಯಬೇಕು. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ ದೊರೆತಿರುವ ಸಂಖ್ಯೆ 894.814. ಇದರ ಮುಂದೆ ಕಾವ್ಯಕ್ಕೆ 1, ನಾಟಕಕ್ಕೆ 2, ಕಥೆ ಕಾದಂಬರಿಗಳಿಗೆ 3 ಸೇರುತ್ತವೆ. ಇಂಗ್ಲಿಷ್ ಸಾಹಿತ್ಯಕ್ಕೆ ಹತ್ತು ವಿಭಾಗಗಳ ವಿಶಾಲ ಅಂಗಳ ದೊರೆತಿದ್ದರೆ, ಕನ್ನಡದ ಇಡೀ ಸಾಹಿತ್ಯವು ದಶಮಾಂಶ ಬಿಂದುವಿನ ಆಚೆಯ ಮೂರನೆಯ ಅಂಕಿಯಲ್ಲಿ ಮೊದಲಾಗುತ್ತದೆ. ಗ್ರಾಮ ಗ್ರಂಥಾಲಯದ ಬಹುಪಾಲು ಪುಸ್ತಕಗಳು ಈ ಒಂದೇ ಸಂಖ್ಯೆಯ ಕೆಳಗೆ ಬಂದು ನಿಲ್ಲುವುದರಿಂದ, ಪುಸ್ತಕದ ಬೆನ್ನಿನ ಮೇಲಿನ ಉದ್ದ ಸಂಖ್ಯೆ ಓದುಗರಿಗೆ ಹೆಚ್ಚೇನನ್ನೂ ಹೇಳುವುದಿಲ್ಲ. ಕಾದಂಬರಿ, ಕಥೆ, ನಾಟಕ, ಜೀವನಚರಿತ್ರೆ, ಕೃಷಿ, ಆರೋಗ್ಯ, ಮಕ್ಕಳ ಪುಸ್ತಕ ಎಂಬ ಕನ್ನಡ ಫಲಕಗಳು, ಅವುಗಳೊಳಗೆ ಲೇಖಕರ ಹೆಸರಿನ ಅಕಾರಾದಿ ಕ್ರಮ ಇವು ಹೆಚ್ಚು ಉಪಯುಕ್ತ.

ಅಕಾರಾದಿ ಎಂದೊಡನೆ ಕನ್ನಡಕ್ಕೇ ವಿಶಿಷ್ಟವಾದ ತೊಡಕೊಂದು ಎದುರಾಗುತ್ತದೆ. ಕುವೆಂಪು ಅವರ ಕೃತಿಗಳನ್ನು 'ಕು' ಅಕ್ಷರದಲ್ಲಿ ಇಡಬೇಕೆ, ಪುಟ್ಟಪ್ಪ ಎಂಬಲ್ಲಿ ಇಡಬೇಕೆ? ಮಾಸ್ತಿ ಎಂಬುದು ಊರಿನ ಹೆಸರು, ಶ್ರೀನಿವಾಸ ಎಂಬುದು ಕಾವ್ಯನಾಮ, ವೆಂಕಟೇಶ ಅಯ್ಯಂಗಾರ್ ಎಂಬುದು ವ್ಯಕ್ತಿನಾಮ. ಬೇಂದ್ರೆಯವರ ಕವನ ಸಂಕಲನಗಳ ಮೇಲೆ ಅಂಬಿಕಾತನಯದತ್ತ ಎಂದಿರುತ್ತದೆ. ಶ್ರೀರಂಗರೇ ಆದ್ಯ ರಂಗಾಚಾರ್ಯರೆಂದು, ತ್ರಿವೇಣಿಯವರೇ ಅನಸೂಯಾ ಶಂಕರ್ ಎಂದು ಎಲ್ಲ ಓದುಗರಿಗೂ ತಿಳಿದಿರಬೇಕಾಗಿಲ್ಲ. ಸೂಚಿಯಲ್ಲಿ ಓದುಗರು ಕೇಳುವ ಹೆಸರನ್ನೇ ಮುಖ್ಯವಾಗಿರಿಸಿ, ಉಳಿದ ಹೆಸರುಗಳಿಂದ ಅದರತ್ತ 'ನೋಡಿ' ಎಂಬ ಸೂಚನೆ ಕೊಡುವುದು ಸೂಕ್ತ ಮಾರ್ಗ. ಇಂಥ ಹೆಸರುಗಳ ಪ್ರಮಾಣೀಕೃತ ಪಟ್ಟಿಯೊಂದನ್ನು ಸಿದ್ಧಪಡಿಸುವುದು ಯಾವುದೇ ಕನ್ನಡ ವಿಭಾಗದಲ್ಲಿ ಒಂದು ಶೈಕ್ಷಣಿಕ ವರ್ಷದೊಳಗೆ ಆಗಬಹುದಾದ ಕೆಲಸ. ಅದರ ಪ್ರಯೋಜನ ಮಾತ್ರ ಸಾವಿರಾರು ಗ್ರಂಥಾಲಯಗಳಿಗೆ ದೊರೆಯುತ್ತದೆ.

6. ಬರುವವರು ಮತ್ತು ಬಾರದವರು

ಗ್ರಾಮ ಗ್ರಂಥಾಲಯಕ್ಕೆ ಮೊದಲು ಬರುವವರು ಪತ್ರಿಕೆಯ ಓದುಗರು. ಪತ್ರಿಕೆಯ ಓದನ್ನು ಕೀಳೆಂದು ಎಣಿಸುವಂತಿಲ್ಲ. ಒಂದು ಪತ್ರಿಕೆಯ ಹಾಳೆಗಳು ಬಿಡಿಬಿಡಿಯಾಗಿ ನಾಲ್ಕಾರು ಜನರ ಕೈಯಲ್ಲಿರುವುದು, ಒಬ್ಬರು ಓದಿ ಉಳಿದವರು ಕೇಳುವುದು, ಕೇಳಿದುದರ ಮೇಲೆ ಚರ್ಚೆ ಬೆಳೆಯುವುದು ಇವೆಲ್ಲವೂ ಗಮಕ ವಾಚನ ಮತ್ತು ಪುರಾಣ ಶ್ರವಣಗಳ ನಾಡಿನಲ್ಲಿ ಓದು ಸಾಮೂಹಿಕವಾಗಿಯೇ ಉಳಿದಿರುವುದಕ್ಕೆ ಸಾಕ್ಷಿ. ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ತರುಣ ತರುಣಿಯರು ಎರಡನೆಯ ವರ್ಗ. ಅವರಿಗೆ ಪುಸ್ತಕದಷ್ಟೇ ಮುಖ್ಯವಾಗಿ ಬೇಕಾಗಿರುವುದು ಕುಳಿತುಕೊಳ್ಳಲು ಸ್ಥಳ, ಬೆಳಕು ಮತ್ತು ನಿಶ್ಶಬ್ದ.

ಯಾರು ಬರುವುದಿಲ್ಲವೆಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ. ಐವತ್ತರ ದಶಕದಿಂದ ಮುಂದಿನ ಕೆಲವು ದಶಕಗಳ ಕಾಲ ಪಟ್ಟಣಗಳ ಖಾಸಗಿ ಸಂಚಾರಿ ಗ್ರಂಥಾಲಯಗಳು ದಿನಕ್ಕಿಷ್ಟು ಬಾಡಿಗೆಯಂತೆ ಕಾದಂಬರಿಗಳನ್ನು ಮನೆಗಳಿಗೆ ಒದಗಿಸಿ, ಕನ್ನಡದಲ್ಲಿ ಬಹು ದೊಡ್ಡ ಮಹಿಳಾ ಓದುಗ ವರ್ಗವನ್ನು ಪೋಷಿಸಿದವು. ಸಾರ್ವಜನಿಕ ಗ್ರಂಥಾಲಯದ ವಾಚನಕೋಣೆಗೆ ಆ ವರ್ಗ ಅಷ್ಟಾಗಿ ಬರಲಿಲ್ಲ. ಊರ ನಡುವೆ ಗಂಡಸರೇ ತುಂಬಿರುವ ಕೋಣೆ, ಅಡುಗೆ ಹಾಗೂ ಹೊಲದ ಕೆಲಸಕ್ಕೆ ಹೊಂದದ ವೇಳೆ ಇವು ಅದಕ್ಕೆ ಕಾರಣ. ದಲಿತ ಕೇರಿಯವರ ಮಟ್ಟಿಗೆ ಗ್ರಂಥಾಲಯವು ಊರಿನ ಯಾವ ಭಾಗದಲ್ಲಿದೆ ಎಂಬುದೇ ನಿರ್ಣಾಯಕ. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಎಲ್ಲರಿಗೂ ತೆರೆದಂತಾಗುವುದಿಲ್ಲ. ಸ್ತ್ರೀಶಕ್ತಿ ಸಂಘದ ಸಭೆಗೆ ಪುಸ್ತಕದ ಗಂಟನ್ನು ಒಯ್ಯುವುದು, ಮಕ್ಕಳ ಕೈಯಲ್ಲಿ ತಾಯಂದಿರಿಗೆ ಪುಸ್ತಕ ಕಳುಹಿಸುವುದು ಮುಂತಾದ ಕ್ರಮಗಳಿಂದ ಈ ಅಂತರವನ್ನು ಕಡಿಮೆ ಮಾಡಬಹುದು. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿದ ಸಂಗತಿಯೂ, 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಹೊರಟ ಸಂಗತಿಯೂ ಇಲ್ಲಿ ಸ್ಮರಣೀಯ.

ಮಕ್ಕಳ ವಿಷಯದಲ್ಲಿ ಇತ್ತೀಚಿನ ಒಂದು ಬೆಳವಣಿಗೆ ಭರವಸೆ ಹುಟ್ಟಿಸುವಂಥದು. ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರ್ 14ರಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮವು 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವವನ್ನು ಉಚಿತವಾಗಿ ನೀಡಿತು. ಠೇವಣಿ ಕಟ್ಟಲಾಗದೆ ಹೊರಗುಳಿದಿದ್ದ ಮನೆಗಳಿಗೆ ಇದರಿಂದ ಮೊದಲ ಬಾರಿಗೆ ಗ್ರಂಥಾಲಯದ ಚೀಟಿ ತಲುಪಿತು.

ಗ್ರಂಥಾಲಯವೆಂದರೆ ಊರಿನೊಡನೆ ಇರುವ ಸಂಬಂಧವೆಂಬುದಕ್ಕೆ ಮೈಸೂರಿನ ರಾಜೀವನಗರದ ಘಟನೆಯು ಒಂದು ಉದಾಹರಣೆ. ಹೆಚ್ಚು ಓದಲು ಅವಕಾಶ ಸಿಗದ ದಿನಗೂಲಿ ಕಾರ್ಮಿಕರೊಬ್ಬರು ಬಡಾವಣೆಯ ಜನರಲ್ಲಿ ಕನ್ನಡ ಓದುವ ಅಭ್ಯಾಸ ಬೆಳೆಯಲೆಂದು ತಮ್ಮ ದುಡಿಮೆಯಿಂದ ಪತ್ರಿಕೆಗಳನ್ನು ತರಿಸುತ್ತ, ಪುಸ್ತಕಗಳನ್ನು ಕೂಡಿಸುತ್ತ ಅಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯವನ್ನು ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಬೆಂಕಿಗೆ ಆಹುತಿಯಾಗಿ ಸಾವಿರಾರು ಪುಸ್ತಕಗಳು ಸುಟ್ಟುಹೋದವು. ಸುದ್ದಿ ತಿಳಿದು ನಾಡಿನ ಒಳಗಿನಿಂದಲೂ ಹೊರಗಿನಿಂದಲೂ ನೆರವು ಹರಿದುಬಂದಿತು. ಪುಸ್ತಕಗಳು ಇಲ್ಲವಾದ ಮೇಲೂ ಗ್ರಂಥಾಲಯ ಇಲ್ಲವಾಗಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

7. ವಿತರಣಾ ವಹಿ: ಒಂದು ಉಪೇಕ್ಷಿತ ಆಕರ

ಗ್ರಂಥಾಲಯದ ಮೇಜಿನ ಮೇಲೆ ಎರಡು ವಹಿಗಳಿರುತ್ತವೆ. ಏನು ಬಂದಿತೆಂಬುದನ್ನು ಪರಿಗ್ರಹಣ ವಹಿ ಹೇಳುತ್ತದೆ. ಏನು ಓದಲಾಯಿತೆಂಬುದರ ಸುಳಿವನ್ನು ವಿತರಣಾ ವಹಿ ನೀಡುತ್ತದೆ. ಕನ್ನಡ ಸಾಹಿತ್ಯ ಚರಿತ್ರೆಯು ಬಹುಮಟ್ಟಿಗೆ ಮೊದಲನೆಯದರಂತೆ ರಚಿತವಾಗಿದೆ. ಯಾವ ಕೃತಿ ಯಾವಾಗ ಪ್ರಕಟವಾಯಿತು, ಎಷ್ಟು ಮುದ್ರಣ ಕಂಡಿತು, ಯಾವ ಪ್ರಶಸ್ತಿ ಪಡೆಯಿತು, ವಿಮರ್ಶಕರು ಏನೆಂದರು ಎಂಬುದು ಅಲ್ಲಿ ದೊರೆಯುತ್ತದೆ. ಒಂದು ತಾಲ್ಲೂಕಿನ ಓದುಗರು ಇಪ್ಪತ್ತು ವರ್ಷಗಳಲ್ಲಿ ಯಾವುದನ್ನು ಮತ್ತೆ ಮತ್ತೆ ಮನೆಗೆ ಒಯ್ದರು, ಯಾವುದನ್ನು ಒಮ್ಮೆಯೂ ಮುಟ್ಟಲಿಲ್ಲ ಎಂಬುದು ದೊರೆಯುವುದಿಲ್ಲ. ಓದುಗಕೇಂದ್ರಿತ ವಿಮರ್ಶೆಯ ಬಗ್ಗೆ ತರಗತಿಗಳಲ್ಲಿ ಸಾಕಷ್ಟು ಚರ್ಚೆ ನಡೆದಿದ್ದರೂ, ಅಲ್ಲಿಯ 'ಓದುಗ' ಬಹುಪಾಲು ಕಲ್ಪಿತ ವ್ಯಕ್ತಿಯಾಗಿಯೇ ಉಳಿದಿದ್ದಾನೆ. ದಿನಾಂಕ, ಪುಸ್ತಕದ ಸಂಖ್ಯೆ, ಸದಸ್ಯತ್ವ ಸಂಖ್ಯೆ, ಮರಳಿಸಿದ ದಿನ ಎಂಬ ಅಂಕಣಗಳಲ್ಲಿ ನಿಜವಾದ ಓದುಗ ತನ್ನ ಗುರುತನ್ನು ಬಿಟ್ಟುಹೋಗಿದ್ದಾನೆ.

ಈ ಆಕರವನ್ನು ಬಳಸುವಾಗ ಕೆಲವು ಎಚ್ಚರಗಳು ಅಗತ್ಯ. ಒಯ್ದ ಪುಸ್ತಕವನ್ನೆಲ್ಲ ಓದಿದರೆಂದು ಹೇಳಲಾಗದು. ಒಬ್ಬರು ಒಯ್ದುದನ್ನು ಮನೆಮಂದಿಯೆಲ್ಲ ಓದಿರಲೂಬಹುದು. ಅಲ್ಲಿಯೇ ಕುಳಿತು ಓದಿದ್ದು ವಹಿಯಲ್ಲಿ ದಾಖಲಾಗುವುದಿಲ್ಲ. ಬೀಗ ಹಾಕಿದ ಬೀರುವಿನಲ್ಲಿದ್ದ ಕೃತಿಯನ್ನು ಓದುಗರು ತಿರಸ್ಕರಿಸಿದರೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಆದ್ದರಿಂದ ಎರಡೂ ವಹಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಬೀರುಗಳನ್ನು ಕಣ್ಣಾರೆ ಕಂಡು, ಮೇಲ್ವಿಚಾರಕರ ನೆನಪನ್ನೂ ದಾಖಲಿಸಿಕೊಂಡು ಓದಬೇಕಾಗುತ್ತದೆ. ಓದುಗರ ಹೆಸರನ್ನು ಯಾವ ಕಾರಣಕ್ಕೂ ಪ್ರಕಟಿಸಬಾರದು. ಯಾರು ಏನನ್ನು ಓದಿದರೆಂಬುದು ಅವರ ಖಾಸಗಿ ವಿಷಯ. ಆ ನಂಬಿಕೆಯ ಮೇಲೆಯೇ ಗ್ರಂಥಾಲಯ ನಿಂತಿದೆ.

ಈ ಕೆಲಸಕ್ಕೆ ಕಾಲಮಿತಿಯೂ ಇದೆ. ಬರೆದು ಮುಗಿದ ವಹಿಗಳನ್ನು ಶಾಶ್ವತವಾಗಿ ಉಳಿಸಬೇಕೆಂಬ ಪ್ರಜ್ಞೆ ಇನ್ನೂ ಬೆಳೆದಿಲ್ಲ. ಕಟ್ಟಡ ಬದಲಾದಾಗ, ದಾಖಲೆಗಳು ಗಣಕಕ್ಕೆ ಹೋದಾಗ ಹಳೆಯ ವಹಿಗಳು ರದ್ದಿಯ ಪಾಲಾಗುವುದುಂಟು. ಶಾಸನವಿರುವ ಕಲ್ಲು ಮೆಟ್ಟಿಲಾಗುವುದನ್ನು ಕಂಡು ಮರುಗುವ ಸಂಶೋಧಕ ಸಮುದಾಯವು ಈ ನಷ್ಟವನ್ನೂ ನಷ್ಟವೆಂದು ಗುರುತಿಸಬೇಕಾಗಿದೆ.

8. ಸಮಾರೋಪ

ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು ರಂಗನಾಥನ್ ಅವರ ಕೊನೆಯ ಸೂತ್ರದ ಆಶಯ. ಗ್ರಾಮ ಗ್ರಂಥಾಲಯದ ಮಟ್ಟಿಗೆ ಬೆಳವಣಿಗೆ ಎಂದರೆ ಬೀರುಗಳ ಸಂಖ್ಯೆ ಹೆಚ್ಚುವುದಷ್ಟೇ ಅಲ್ಲ. ಭಯವಿಲ್ಲದ ಮೇಲ್ವಿಚಾರಕರು, ಊರಿನ ಬೇಡಿಕೆಗೆ ಓಗೊಡುವ ಆಯ್ಕೆ, ಕನ್ನಡದ ಹೆಸರುಗಳಿಗೆ ಒಗ್ಗುವ ಸೂಚಿ, ಬಾರದವರನ್ನು ಹುಡುಕಿಕೊಂಡು ಹೋಗುವ ಸೇವೆ ಇವುಗಳಿಂದ ಅದು ಬೆಳೆಯುತ್ತದೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ವೆಚ್ಚ ತಗಲುವುದಿಲ್ಲ.

ಕನ್ನಡ ವಿಭಾಗಗಳ ಪಾತ್ರವೂ ಇಲ್ಲಿ ಸ್ಪಷ್ಟವಾಗಿದೆ. ವಿಭಾಗಕ್ಕೆ ಸಮೀಪದ ಕೆಲವೇ ಗ್ರಾಮ ಗ್ರಂಥಾಲಯಗಳನ್ನು ಆರಿಸಿಕೊಂಡು, ಅವುಗಳ ವಿತರಣಾ ವಹಿಗಳನ್ನು ಛಾಯಾಪ್ರತಿ ಮಾಡಿ ಉಳಿಸುವುದರಿಂದ ಆರಂಭಿಸಬಹುದು. ಅದಕ್ಕೆ ಪ್ರತಿಯಾಗಿ ಲೇಖಕನಾಮಗಳ ಪಟ್ಟಿಯನ್ನೂ, ಆಯ್ಕೆಗೆ ನೆರವಾಗುವ ಟಿಪ್ಪಣಿಗಳನ್ನೂ ಆ ಗ್ರಂಥಾಲಯಗಳಿಗೆ ಒದಗಿಸಬಹುದು. ನಾಗಾವಿಯ ಶಾಸನವು ಉಪಾಧ್ಯಾಯರನ್ನೂ ಸರಸ್ವತೀ ಭಂಡಾರಿಗರನ್ನೂ ಒಂದೇ ಕಲ್ಲಿನಲ್ಲಿ ನೆನೆದಿದೆ. ಒಂದು ಸಾವಿರ ವರ್ಷಗಳ ಹಿಂದೆ ಜೊತೆಗಿದ್ದ ಆ ಎರಡು ವೃತ್ತಿಗಳು ಗ್ರಾಮ ಗ್ರಂಥಾಲಯದ ಮೇಜಿನ ಬಳಿ ಮತ್ತೆ ಜೊತೆಗೂಡಲು ಅವಕಾಶವಿದೆ.